ಎಂಟು ಗಂಟೆ ಆರು ನಿಮಿಷದ ಮಳೆ

ಟಿಣ್.

ಚಿನ್ನಮ್ಮನ ಹೋಟೆಲಿನಲ್ಲಿ ಕೂತಿದ್ದ ಏಳೆಂಟು ಜನರ ಜೇಬುಗಳು ಹೆಚ್ಚುಕಡಿಮೆ ಒಂದೇ ಸಲಕ್ಕೆ ಸದ್ದು ಮಾಡಿದವು. ಹೋಟೆಲಿನ ಮೇಲಿನ ಮಹಡಿಯಲ್ಲಿ ಬೆಳೆಗಾರರ ಸಂಘದ ಆಫೀಸು. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಮೂವತ್ತನಾಲ್ಕು ತೋಟಗಳ ಮಳೆಯ ಸರಾಸರಿ ತೆಗೆಯುತ್ತಿದ್ದ ಏಕಾಂತಯ್ಯನಿಗೆ ಆ ಸದ್ದು ಹಲಗೆಯ ಸಂದಿನಿಂದ ಕೇಳಿಸಿತು. ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಎಂಟು ಗಂಟೆ ಆರು ನಿಮಿಷ. ಹಾನುಬಾಳಿನ ಸುತ್ತ ನಿನ್ನೆ ಬಿದ್ದ ಮಳೆ ಎಷ್ಟೆಂದು ಊರಿಗೆ ಗೊತ್ತಾಗಿಹೋಗಿತ್ತು. ತಿಳಿಸಿದವನು ಅವನಲ್ಲ.

"ಬಂತು ನೋಡ್ರಪ್ಪ ರಶ್ಮಿತಾ ಮೇಡಮ್ ಲಿಸ್ಟು," ಎಂದು ಕೆಳಗೆ ಜವರಯ್ಯ ಹೇಳಿದ್ದೂ ಕೇಳಿಸಿತು. "ಮ್ಯಾಲಿನ ಲಿಸ್ಟು ಬರೋ ಹೊತ್ಗೆ ಇನ್ನೊಂದ್ ಕಾಫಿ ಕುಡೀಬೌದು."

"ಕುಡೀರಿ, ನಂಗೇನ್ ನಷ್ಟ," ಎಂದಳು ಚಿನ್ನಮ್ಮ.

ಏಕಾಂತಯ್ಯ ಮೌಸನ್ನು ಮೇಜಿಗೆ ಸ್ವಲ್ಪ ಜೋರಾಗಿಯೇ ಒತ್ತಿದ.

ಹೂಮಳೆಯ ಕಾಲದಲ್ಲಿ ಈ ಬೆಟ್ಟಗಳ ಜನಕ್ಕೆ ಮಳೆಯೆಂದರೆ ಅಂಕಿ. ತೋಟ ತೋಟದಲ್ಲೂ ಬೆಳಿಗ್ಗೆ ಏಳಕ್ಕೆ ಮಾಪಕದ ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿದು ನೋಡುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಎಂಬತ್ತು ಸೆಂಟ್ ಬಿದ್ದರೆ ಕಾಫಿ ಮೊಗ್ಗು ನೆಮ್ಮದಿಯಾಗಿ ಅರಳುತ್ತದೆ. ಇಪ್ಪತ್ತು ಮೂವತ್ತಕ್ಕೆ ನಿಂತರೆ ಮೊಗ್ಗು ಅರಳಲೂ ಆಗದೆ ಸುಮ್ಮನಿರಲೂ ಆಗದೆ ಕೆಡುತ್ತದೆ. ಅದೇ ದಿನ ಡೀಸೆಲ್ ಎಂಜಿನ್ ಹೊತ್ತು ತಂದು ಸ್ಪ್ರಿಂಕ್ಲರ್ ಹಾಕಬೇಕು. ದೊಡ್ಡ ಎಸ್ಟೇಟಿನವರಿಗೆ ತಮ್ಮದೇ ಮಾಪಕವಿದೆ. ಜವರಯ್ಯನಂಥ ಮೂರು ಎಕರೆಯವರು ಪಕ್ಕದ ಎಸ್ಟೇಟಿನ ಅಂಕಿಯನ್ನೇ ತಮ್ಮದೆಂದುಕೊಳ್ಳುತ್ತಾರೆ. ಆ ಅಂಕಿಗಳನ್ನೆಲ್ಲ ಫೋನಿನಲ್ಲಿ ಕೇಳಿ, ಒಟ್ಟು ಮಾಡಿ, ಊರಿಗೆ ಹೇಳುವವನು ಏಕಾಂತಯ್ಯ. ಹದಿನೆಂಟು ವರ್ಷಗಳಿಂದ ಮಳೆ ಆಕಾಶದಿಂದ ಬಿದ್ದರೂ ಜನರಿಗೆ ಸಿಗುತ್ತಿದ್ದದ್ದು ಅವನ ಬಾಯಿಂದ.

ಅವನು ಹುಟ್ಟಿದ್ದು ಆಲೂರಿನ ಕಡೆಯ ಮಗ್ಗೆಯಲ್ಲಿ. ಪಿಯುಸಿ ಮುಗಿಸಿ, ಮಹಾದೇವಯ್ಯನವರ ಎಸ್ಟೇಟಿನ ಸ್ಟೋರಿಗೆ ಕೆಲಸಕ್ಕೆ ಬಂದಾಗ ಇಪ್ಪತ್ತರ ಹುಡುಗ. ಮಾಪಕ ನೋಡುವುದನ್ನು ಕಲಿಸಿದವರು ಮಹಾದೇವಯ್ಯನವರೇ. "ನಿಂತ್ಕಂಡು ನೋಡ್ಬೇಡ. ಮಂಡಿ ಊರು. ನೀರು ಎಲ್ಲಿ ಐತೋ ಅಲ್ಲಿಗೆ ಕಣ್ಣ ತಗಂಡ್ಬಾ," ಎಂದಿದ್ದರು. ಸಂಘಕ್ಕೆ ಅಧ್ಯಕ್ಷರಾದಾಗ ಅವನನ್ನೂ ಕರೆತಂದು ಈ ಕುರ್ಚಿಯಲ್ಲಿ ಕೂರಿಸಿದರು. ಊರಿಗೆಲ್ಲ ಅವರು ದೊಡ್ಡೋರು. ಬೆಳಿಗ್ಗೆ ಮಳೆ ಎಷ್ಟೆಂದು ತಿಳಿಯದೆ ಕಾಫಿ ಕುಡಿಯದ ಮನುಷ್ಯ.

ಕಂಪ್ಯೂಟರನ್ನು ಅವನಿಗೆ ಯಾರೂ ಕಲಿಸಲಿಲ್ಲ. ಎಸ್ಟೇಟುಗಳ ಲೆಕ್ಕ ಬರೆಯುವ ರೈಟರುಗಳು ತರುತ್ತಿದ್ದ ಪೆನ್‌ಡ್ರೈವುಗಳಿಂದ ವೈರಸ್ಸು ಹತ್ತಿ, ಎರಡು ಸಲ ಮಳೆಯ ದಾಖಲೆಯೆಲ್ಲ ಅಳಿಸಿಹೋದಾಗ, ಸಕಲೇಶಪುರದ ಕಾಲೇಜಿನ ಮೇಷ್ಟ್ರೊಬ್ಬರು ಒಂದು ಸಿ.ಡಿ. ಕೊಟ್ಟು "ಇದು ಲಿನಕ್ಸ್ ಅಂತ, ವೈರಸ್ ಹತ್ತಲ್ಲ, ಹಾಕ್ಕೊಂಡು ನೋಡಿ," ಎಂದರು. ಮೂರು ಭಾನುವಾರ ಕೂತು ಹಾಕಿಕೊಂಡ. ಆಮೇಲೆ ಅವನ ದಾಖಲೆ ಅಳಿಯಲಿಲ್ಲ. ಸುತ್ತಲ ಹತ್ತು ಹಳ್ಳಿಗಳಲ್ಲಿ ಯಾರ ಕಂಪ್ಯೂಟರು ಮುನಿಸಿಕೊಂಡರೂ "ಏಕಾಂತಣ್ಣನ್ನ ಕರೀರಿ" ಎನ್ನುತ್ತಿದ್ದರು.

ದೊಡ್ಡೋರು ಹೋಗಿ ಎರಡು ವರ್ಷ. ಅವರ ಸೊಸೆ ರಶ್ಮಿತಾ ಈ ವರ್ಷ ಸಂಘದ ನಿರ್ದೇಶಕಿಯಾದಳು. ತೋಟವನ್ನೂ ಅವಳೇ ನೋಡುತ್ತಾಳೆ, ಜೀಪನ್ನೂ ಅವಳೇ ಓಡಿಸುತ್ತಾಳೆ. ಮೂರು ವಾರದ ಹಿಂದೆ, ಮೊದಲ ಹೂಮಳೆ ಬಿದ್ದ ಮರುದಿನ, ಏಕಾಂತಯ್ಯನ ಪಟ್ಟಿ ಎಂದಿನಂತೆ ಎಂಟೂವರೆಗೆ ಹೋಗುವ ಮೊದಲೇ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವಳ ಪಟ್ಟಿ ಬಂತು. ಮೂವತ್ತನಾಲ್ಕು ತೋಟ, ಮೂವತ್ತನಾಲ್ಕು ಅಂಕಿ. ಕೆಳಗೆ ಜನ ಹೆಬ್ಬೆರಳು ಹಾಕಿದ್ದೂ ಹಾಕಿದ್ದೇ. ಅವನ ಪಟ್ಟಿಗೆ ಇಷ್ಟು ವರ್ಷಗಳಲ್ಲಿ ಯಾರೂ ಹೆಬ್ಬೆರಳು ಹಾಕಿರಲಿಲ್ಲ. ಸೂರ್ಯನಿಗೆ ಯಾರು ಹೆಬ್ಬೆರಳು ತೋರಿಸುತ್ತಾರೆ ಎಂದು ಅವನು ಇಷ್ಟು ದಿನ ಅಂದುಕೊಂಡಿದ್ದ.

"ಮೇಡಮ್ನೋರು ಬೆಳಿಗ್ಗೆ ನಿಮ್ಗೆ ಫೋನ್ ಮಾಡಿದ್ರಾ?" ಎಂದು ಎಸ್ಟೇಟಿನ ರೈಟರುಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದ. ಎಲ್ಲರೂ ಇಲ್ಲವೆಂದರು. ಕಲ್ಲಹಳ್ಳ ಎಸ್ಟೇಟಿನ ರೈಟರ್ ಧರ್ಮ ಮಾತ್ರ, "ನಿಮ್ಗೊಬ್ರಿಗೆ ಹೇಳೋಕೇ ನನ್ಗೆ ಸಿಗ್ನಲ್ ಸಿಗಲ್ಲ, ಮಾರಾಯ್ರೆ," ಎಂದು ನಕ್ಕ. ಏಕಾಂತಯ್ಯ ಯಾರನ್ನೂ ನಂಬಲಿಲ್ಲ. ಹೊಟ್ಟೆಯೊಳಗಿನ ಕಿಚ್ಚಿಗೆ ಇಲ್ಲ ಎಂಬ ಉತ್ತರವೂ ಸೌದೆಯೇ.

ಹೇಗಾದರೂ ಇರಲಿ, ತಾನು ಬೇಗ ಆದರೆ ಸಾಕಲ್ಲ ಎಂದುಕೊಂಡ. ತಡವಾಗುತ್ತಿದ್ದದ್ದು ಕಂಪ್ಯೂಟರಿನಿಂದ. ಏಳೂವರೆಗೆ ಸ್ವಿಚ್ಚು ಒತ್ತಿದರೆ ಅದು ಕೆಲಸಕ್ಕೆ ಸಿದ್ಧವಾಗಲು ಒಂಬತ್ತು ನಿಮಿಷ ಹಿಡಿಯುತ್ತಿತ್ತು. ಕಪ್ಪು ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ಅತ್ತಿಂದಿತ್ತ ಓಡಾಡುತ್ತ, ಯಾವುದೋ ಕೆಲಸಕ್ಕಾಗಿ ಒಂದೂವರೆ ನಿಮಿಷ ಕಾಯುತ್ತಿದ್ದೇನೆ ಎನ್ನುತ್ತಿತ್ತು. ಯಾವ ಕೆಲಸ ಎಂದು ಅವನು ಇಷ್ಟು ವರ್ಷ ಕೇಳಿರಲಿಲ್ಲ. ಆ ಹೊತ್ತಿನಲ್ಲಿ ಕಸ ಗುಡಿಸಿ, ನೀರು ತುಂಬಿಸಿ, ಊದುಬತ್ತಿ ಹಚ್ಚುವುದು ರೂಢಿಯಾಗಿತ್ತು. ಈಗ ಆ ಚುಕ್ಕೆಯನ್ನು ನೋಡಿದರೆ ಜೀಪಿನ ಸ್ಟೀರಿಂಗ್ ಹಿಡಿದ ರಶ್ಮಿತಾಳ ಕೈಯೇ ಕಾಣುತ್ತಿತ್ತು.

ಲಿನಕ್ಸಿನಲ್ಲಿ ಒಂದು ಆಜ್ಞೆಯಿದೆ. ಟೈಪು ಮಾಡಿದರೆ, ಕಂಪ್ಯೂಟರು ಏಳುವಾಗ ಯಾರು ಯಾರು ಎಷ್ಟೆಷ್ಟು ಹೊತ್ತು ತಿಂದರೆಂದು ದೊಡ್ಡ ತಪ್ಪಿತಸ್ಥನಿಂದ ಸಣ್ಣವನವರೆಗೆ ಸಾಲಾಗಿ ತೋರಿಸುತ್ತದೆ. ಮಧ್ಯಾಹ್ನ ಆಫೀಸಿಗೆ ಯಾರೂ ಬಾರದ ಹೊತ್ತಿನಲ್ಲಿ ಅದನ್ನು ಹೊಡೆದ. ಉದ್ದನೆಯ ಪಟ್ಟಿ ಇಳಿಯಿತು. ಅದರ ಜೊತೆಗೆ, ಲಾಗಿನ್ ಆದಮೇಲೆ ತಾವಾಗಿ ಶುರುವಾಗುವ ಪ್ರೋಗ್ರಾಮುಗಳ ಇನ್ನೊಂದು ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದ. ಅಪರಿಚಿತರು ಯಾರೂ ಇರಲಿಲ್ಲ. ಎಲ್ಲರನ್ನೂ ಒಳಗೆ ಕರೆದು ಕೂರಿಸಿದವನು ಅವನೇ.

ಸಕಲೇಶಪುರದ ಗುತ್ತಿಗೆದಾರನೊಬ್ಬ ವಾಪಸು ಒಯ್ದು ಆರು ವರ್ಷವಾಗಿದ್ದ ಹಳೆಯ ಪ್ರಿಂಟರನ್ನು ಒಂದು ಪ್ರೋಗ್ರಾಮು ಇಂದಿಗೂ ಪ್ರತಿ ಬೆಳಿಗ್ಗೆ ಹುಡುಕುತ್ತಿತ್ತು. ಲಾಕ್‌ಡೌನ್ ಕಾಲದಲ್ಲಿ ಮನೆಯಿಂದಲೇ ಪಟ್ಟಿ ಕಳಿಸಲು ಹಾಕಿಕೊಂಡದ್ದು, ಯಾವತ್ತಾದರೂ ಕರೆ ಬರಬಹುದೆಂದು ಬಾಗಿಲ ಬಳಿ ಕಾದು ಕೂತಿತ್ತು. ಇನ್ನೊಂದು, ಕಂಪ್ಯೂಟರಿನಲ್ಲಿರುವ ಕಡತಗಳನ್ನೆಲ್ಲ ದಿನಾ ಮೊದಲಿನಿಂದ ಓದಿ ಹೆಸರು ಬರೆದಿಡುತ್ತಿತ್ತು. ಸಂಘದ ಸುವರ್ಣ ಮಹೋತ್ಸವದ ಫೋಟೋಗಳನ್ನು ಎಲ್ಲಿಗೋ ಕಳಿಸುವ ಒಂದು ಫೋಲ್ಡರು, ಇಲ್ಲದ ಬ್ಲೂಟೂತ್ ಸ್ಪೀಕರಿಗೆ ಕೈಚಾಚುವ ಒಂದು ಸೇವೆ. ತಾನು ಯಾರು ಯಾರಿಗೆ ಏನೇನು ಮಾಡಿಕೊಟ್ಟೆ ಎಂಬುದೆಲ್ಲ ಅಲ್ಲಿತ್ತು. ಅವರೆಲ್ಲ ಮರೆತಿದ್ದರು, ಕಂಪ್ಯೂಟರು ಮಾತ್ರ ಮರೆತಿರಲಿಲ್ಲ.

ಒಂದು ಸಲಕ್ಕೆ ಒಂದನ್ನೇ ನಿಲ್ಲಿಸಬೇಕು, ಮತ್ತೆ ಶುರು ಮಾಡಿ ನೋಡಬೇಕು, ಆಮೇಲೆ ಮುಂದಿನದು. ಇದು ಅವನೇ ಬೇರೆಯವರಿಗೆ ಹೇಳುತ್ತಿದ್ದ ನಿಯಮ. ಆದರೆ ಮೊದಲ ದಿನ ಸಿಟ್ಟಿನಲ್ಲಿ ನಾಲ್ಕನ್ನು ಒಟ್ಟಿಗೆ ನಿಲ್ಲಿಸಿಬಿಟ್ಟ. ಮರುದಿನ ಕಂಪ್ಯೂಟರು ಬೇಗನೆ ಎದ್ದಿತು, ನೆಟ್ ಏಳಲಿಲ್ಲ. ಆ ನಾಲ್ಕರಲ್ಲಿ ಯಾವುದರ ಮೇಲೆ ನೆಟ್ ನಿಂತಿತ್ತೆಂದು ಹುಡುಕಿ ಸರಿಮಾಡುವಾಗ ಗಂಟೆ ಒಂಬತ್ತಾಯಿತು.

"ಏನಣ್ಣ, ನಿನ್ನೆ ಮಳೆದಾ ಇದು, ಮೊನ್ನೇದಾ?" ಎಂದು ಜವರಯ್ಯ ಮೆಟ್ಟಿಲ ಕೆಳಗಿನಿಂದ ಕೇಳಿದ.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ದಿನಕ್ಕೊಂದರಂತೆ ನಿಲ್ಲಿಸುತ್ತ ಬಂದ. ಒಂಬತ್ತು ನಿಮಿಷ ಏಳಾಯಿತು, ಐದಾಯಿತು, ಎರಡೂವರೆಯಾಯಿತು. ಒಂದೂವರೆ ನಿಮಿಷ ಕಾಯುವ ಕೆಂಪು ಚುಕ್ಕೆ ಮಾತ್ರ ಹೋಗಲಿಲ್ಲ; ಅದು ಯಾರಿಗಾಗಿ ಕಾಯುತ್ತಿದೆಯೆಂದು ಆ ಪಟ್ಟಿಗಳಲ್ಲಿ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ, ಅವನ ಪಟ್ಟಿ ಎಂಟೂವರೆಯಿಂದ ಎಂಟೂಕಾಲಿಗೆ ಬಂದಂತೆ ಅವಳ ಪಟ್ಟಿ ಎಂಟು ಗಂಟೆ ಆರು ನಿಮಿಷಕ್ಕೆ ಬಂತು. ಅವನು ಓಡಿದಷ್ಟೂ ಅವಳು ಮುಂದೆ ಇರುತ್ತಿದ್ದಳು, ನೆರಳಿನ ಹಾಗೆ.

ಇಪ್ಪತ್ತೆಂಟು ಸೆಂಟಿನ ದಿನ ಬಂದದ್ದು ಈ ನಡುವೆ.

ಕಲ್ಲಹಳ್ಳ ಎಸ್ಟೇಟಿಗೆ ಎಂಬತ್ತೆರಡು ಸೆಂಟ್ ಬಿದ್ದಿತ್ತು. ಅವಸರದಲ್ಲಿ ಏಕಾಂತಯ್ಯ ಇಪ್ಪತ್ತೆಂಟು ಎಂದು ಟೈಪು ಮಾಡಿದ. ಪ್ರಿಂಟು ತೆಗೆದು ಕಣ್ಣಾಡಿಸುವಾಗ ಗೊತ್ತಾಗಿ ತಿದ್ದಿದ. ಅವನ ಪಟ್ಟಿ ಸರಿಯಾಗಿಯೇ ಹೋಯಿತು. ಅಷ್ಟರಲ್ಲಿ ರಶ್ಮಿತಾಳ ಪಟ್ಟಿಯಲ್ಲಿ ಇಪ್ಪತ್ತೆಂಟು ನೋಡಿದ ಜವರಯ್ಯ, ಮೇಲಿನ ಪಟ್ಟಿಗೆ ಕಾಯದೆ, ಕಲ್ಲಹಳ್ಳದ ಬೇಲಿಗೇ ಅಂಟಿಕೊಂಡ ತನ್ನ ಮೂರು ಎಕರೆಗೆ ಬಾಡಿಗೆಗೆ ಎಂಜಿನ್ ತರಿಸಿ, ಪೈಪು ಜೋಡಿಸಿ, ಮಧ್ಯಾಹ್ನದವರೆಗೆ ನೀರು ಹಾರಿಸಿದ. ಮೊದಲೇ ನೆನೆದಿದ್ದ ಗಿಡಗಳು ಇನ್ನೊಮ್ಮೆ ನೆನೆದವು.

"ಕಾಲಿಟ್ರೆ ಮಣ್ಣು ಮೆತ್ತಗಿತ್ತು ಕಣಣ್ಣ," ಎಂದ ಜವರಯ್ಯ ಮರುದಿನ. "ಅನುಮಾನ ಬಂತು. ಲಿಸ್ಟಲ್ಲೇ ಐತಲ್ಲ ಅಂತ ಸುಮ್ಕಾದೆ. ಆ ಹೆಣ್ಮಗಳನ್ನ ನಂಬಿ ಕೆಟ್ಟೆ. ಏನಂದ್ರೂ ಅಳತೆ ಅಂದ್ರೆ ನಿಂದೇಯ."

ಮೂರು ವಾರದ ಮೇಲೆ ಕಿವಿಗೆ ಬಿದ್ದ ಒಳ್ಳೆಯ ಮಾತು. ಏಕಾಂತಯ್ಯ ಅದನ್ನು ಬಾಯಲ್ಲಿ ಬೆಲ್ಲವಿಟ್ಟುಕೊಂಡಂತೆ ಇಟ್ಟುಕೊಂಡ. ಆ ಇಪ್ಪತ್ತೆಂಟು ಮೊದಲು ತನ್ನ ಬೆರಳಿನಿಂದಲೇ ಬಿದ್ದದ್ದೆಂದು ಹೇಳಲಿಲ್ಲ. "ಅನುಭವ ಬೇಕಾಗ್ತದೆ, ಜವರಯ್ಯ," ಎಂದಷ್ಟೇ ಅಂದ.

ಮನೆಯಲ್ಲಿ ನಿಜ ಹೇಳಿಕೊಂಡಾಗ, ರೊಟ್ಟಿ ಬಡಿಸುತ್ತ ಹೆಂಡತಿ ಕಲ್ಯಾಣಮ್ಮ ಕೇಳಿದ ಒಂದೇ ಪ್ರಶ್ನೆಗೆ ಆ ಬೆಲ್ಲ ಕಹಿಯಾಯಿತು. "ಅಲ್ಲ ಕಣ್ರೀ, ನೀವು ಇಲ್ಲಿ ತಪ್ಪು ಹೊಡುದ್ರೆ ಅಲ್ಲಿ ಆವಮ್ಮ ಅದೇ ತಪ್ಪು ಹೆಂಗ್ ಬರುದ್ರು?"

ಧರ್ಮ ಹೇಳಿದ್ದು ಎಂಬತ್ತೆರಡು. ಇಪ್ಪತ್ತೆಂಟು ಎಂಬುದು ಇಡೀ ಜಗತ್ತಿನಲ್ಲಿ ಹತ್ತು ನಿಮಿಷ ಆ ಕಂಪ್ಯೂಟರಿನೊಳಗೆ ಮಾತ್ರ ಇತ್ತು. ಅವಳು ತೋಟಗಳಿಂದ ಕೇಳುತ್ತಿರಲಿಲ್ಲ. ಅವನ ಕಂಪ್ಯೂಟರಿನಿಂದ ತೆಗೆಯುತ್ತಿದ್ದಳು.

ಜನವರಿಯಲ್ಲಿ ಒಂದು ದಿನ ಅವಳು ಆಫೀಸಿಗೆ ಬಂದು ಏನೋ ಪ್ರಿಂಟು ತೆಗೆದುಕೊಂಡಿದ್ದಳು. ಅವನು ಕೆಳಗೆ ಕಾಫಿ ಹೇಳಲು ಹೋಗಿದ್ದ. ಹತ್ತು ನಿಮಿಷ ಅವಳೊಬ್ಬಳೇ ಆ ಕುರ್ಚಿಯಲ್ಲಿ. ಕಾಫಿ ಬೇರೆ ತರಿಸಿಕೊಟ್ಟೆನಲ್ಲ ಎಂದು ಅವನಿಗೆ ಇನ್ನಷ್ಟು ಉರಿಯಿತು. ಕಳ್ಳತನದಿಂದ ಏನನ್ನೋ ಹಾಕಿಹೋಗಿದ್ದಾಳೆ; ಹಾಕಿದ್ದನ್ನು ಕಿತ್ತು, ಸಂಘದ ಸಭೆಯಲ್ಲಿ ಎಲ್ಲರೆದುರು ಮೇಜಿನ ಮೇಲಿಡಬೇಕು. ಯಾವ ಶರ್ಟು ಹಾಕಿಕೊಂಡು ಹೋಗಬೇಕೆಂಬುದನ್ನೂ ಅವನು ಯೋಚಿಸಿದ.

ಮರುದಿನ ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಕೂತ. ಹಿನ್ನೆಲೆಯಲ್ಲಿ ಓಡುತ್ತಿರುವುದನ್ನೆಲ್ಲ ಒಂದೊಂದಾಗಿ ತೆರೆದು, ಇದನ್ನು ಶುರುಮಾಡಿದ್ದು ಯಾವುದು, ಇದು ಯಾವ ಕಡತವನ್ನು ಹಿಡಿದುಕೊಂಡಿದೆ ಎಂದು ನೋಡುತ್ತ ಹೋದ. ನಾಲ್ಕು ಗಂಟೆಯ ಹೊತ್ತಿಗೆ ಸಿಕ್ಕಿತು. ಎರಡಕ್ಷರದ ಒಂದು ಹೆಸರು, ಅರ್ಥವಾಗದ್ದು. ಅದು ಮಳೆಯ ಕಡತವನ್ನೇ ಕಣ್ಣುಮಿಟುಕಿಸದೆ ಕಾಯುತ್ತಿತ್ತು. ಕಡತದಲ್ಲಿ ಹೊಸ ಅಂಕಿ ಸೇರಿದೊಡನೆ ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದ, ಸಿಮ್ ಕಾರ್ಡಿನ ಹಳೆಯ ಡಾಂಗಲ್ ಮೂಲಕ ಒಂದು ಎಸ್ಸೆಮ್ಮೆಸ್ ಕಳಿಸುತ್ತಿತ್ತು. ಒಂದೂವರೆ ನಿಮಿಷ ಕಾಯುತ್ತಿದ್ದದ್ದೂ ಅದೇ, ಡಾಂಗಲ್ಲಿಗೆ ಸಿಗ್ನಲ್ ಸಿಗಲೆಂದು. ಕೇಬಲ್ ನೆಟ್ ಕೈಕೊಟ್ಟಾಗ ಇರಲಿ ಎಂದು ಅವನೇ ವರ್ಷವರ್ಷವೂ ರೀಚಾರ್ಜ್ ಮಾಡಿಸುತ್ತಿದ್ದ ಡಾಂಗಲ್.

"ಸಿಕ್ಕಿಬಿದ್ಯಾ," ಎಂದು ಮೆಲ್ಲಗೆ ಹೇಳಿ ಕಡತ ತೆರೆದ. ಮೊದಲ ಸಾಲು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ:

ದೊಡ್ಡೋರಿಗೆ. ಕಾಫಿಗೆ ಮುಂಚೆ ಗೊತ್ತಾಗಬೇಕು. ಏಕಾಂತ.

ಒಂಬತ್ತು ವರ್ಷದ ಹಿಂದೆ ಮಹಾದೇವಯ್ಯನವರು ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳು ಮಲಗಿದ್ದರು. ಎದ್ದು ಫೋನಿನ ಹತ್ತಿರ ಬರಲು ಆಗುತ್ತಿರಲಿಲ್ಲ. ದಿಂಬಿನ ಪಕ್ಕ ಒಂದು ಕೀಪ್ಯಾಡ್ ಫೋನ್ ಇತ್ತು. ಎಲ್ಲ ತೋಟ ಮುಗಿಯುವವರೆಗೆ ಅವರು ಕಾಯಬಾರದು, ಒಂದೊಂದು ಅಂಕಿ ಬಂದಂತೆಲ್ಲ ತಿಳಿಯುತ್ತಿರಲಿ ಎಂದು ಏಕಾಂತಯ್ಯ ಒಂದು ವಾರ ಒದ್ದಾಡಿ ಇದನ್ನು ಬರೆದಿದ್ದ. ಒಂದು ತೋಟದ ಅಂಕಿ ಒಮ್ಮೆ ಹೋದರೆ, ತಿದ್ದಿದ್ದನ್ನು ಮತ್ತೆ ಕಳಿಸುವಷ್ಟು ಬುದ್ಧಿಯನ್ನು ಅದಕ್ಕೆ ಕೊಡಲು ಆಗಿರಲಿಲ್ಲ. ಅವರು ಎದ್ದು ಓಡಾಡಿದರು, ಅವನು ಮರೆತ. ಅವರು ತೀರಿಕೊಂಡರು, ಅದು ಕಳಿಸುತ್ತಲೇ ಇತ್ತು.

ಆ ಫೋನು ಆ ಮನೆಯಲ್ಲಿ ಇನ್ನೂ ಬದುಕಿದೆ ಎಂದಾಯಿತು.

ಏಕಾಂತಯ್ಯ ಆ ಮೊದಲ ಸಾಲನ್ನು ಇನ್ನೊಮ್ಮೆ ಓದಿದ. ಕಳ್ಳನನ್ನು ಹಿಡಿಯಲು ಹೋಗಿ ತನ್ನದೇ ಕೈ ಹಿಡಿದಂತಾಗಿತ್ತು. ಕಣ್ಣು ಸ್ವಲ್ಪ ಒದ್ದೆಯಾಯಿತೆನ್ನಬಹುದು. ಆದರೆ ಹೊಟ್ಟೆಕಿಚ್ಚು ಅಷ್ಟಕ್ಕೆ ಆರುವಂಥದ್ದಲ್ಲ. ಇದು ಬರೆದದ್ದು ದೊಡ್ಡೋರಿಗೆ. ಸೊಸೆಗೆ ಎಂದು ಎಲ್ಲಿಯೂ ಬರೆದಿಲ್ಲ. ಅವರಿಗಾಗಿ ಕಾಯಿಸಿದ ಹಾಲನ್ನು ಇವಳು ತನ್ನ ಲೋಟಕ್ಕೆ ಬಗ್ಗಿಸಿಕೊಂಡು, ಊರಿಗೆ ಹಂಚಿ, ಹೆಬ್ಬೆರಳು ಎಣಿಸಿಕೊಳ್ಳುತ್ತಿದ್ದಾಳೆ. ಆ ಪ್ರೋಗ್ರಾಮನ್ನು ನಿಲ್ಲಿಸಿದ. ಅಳಿಸಲು ಮಾತ್ರ ಕೈ ಬರಲಿಲ್ಲ. 'ಬೇಡವಾದವು' ಎಂಬ ಫೋಲ್ಡರಿಗೆ ಸರಿಸಿದ. ಡಾಂಗಲನ್ನು ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಂಡ. ಮತ್ತೆ ಶುರುಮಾಡಿ ನೋಡಿದರೆ, ಕೆಂಪು ಚುಕ್ಕೆ ಕಾಣಿಸಲೇ ಇಲ್ಲ. ಐವತ್ತೆರಡು ಸೆಕೆಂಡಿಗೆ ಕಂಪ್ಯೂಟರು ಸಿದ್ಧ.

ಮರುದಿನ ಬೆಳಿಗ್ಗೆ ಎಂಟಾಯಿತು. ಕೆಳಗೆ ಸದ್ದಿಲ್ಲ. ಎಂಟೂ ಐದು. ಚಮಚ ಲೋಟಕ್ಕೆ ತಾಗುವ ಶಬ್ದ ಬಿಟ್ಟರೆ ಏನೂ ಇಲ್ಲ. ಎಂಟು ಗಂಟೆ ಆರು ನಿಮಿಷಕ್ಕೆ ಸರಿಯಾಗಿ, ಒಂದು ಸೆಕೆಂಡು ಹೆಚ್ಚುಕಡಿಮೆಯಿಲ್ಲದೆ, ಏಕಾಂತಯ್ಯ ತನ್ನ ಪಟ್ಟಿ ಕಳಿಸಿದ.

ಟಿಣ್.

ತಲೆ ಬಾಚಿಕೊಂಡು ಕೆಳಗಿಳಿದ. ಇಷ್ಟು ಬೇಗ ಅವನು ಕಾಫಿಗೆ ಇಳಿದದ್ದು ಯಾರಿಗೂ ನೆನಪಿರಲಿಲ್ಲ.

"ಏನಣ್ಣ, ಇವತ್ತು ಹೊಸಾ ಮಷೀನಾ?" ಎಂದಳು ಚಿನ್ನಮ್ಮ.

"ಹಳೇದೇ. ಒಳಗಿದ್ದ ಕಸ ಗುಡುಸ್ದೆ."

"ಮೇಡಮ್ ಎಲ್ಲೋದ್ರು ಇವತ್ತು?" ಎಂದ ಜವರಯ್ಯ. "ಇಪ್ಪತ್ತೆಂಟಕ್ಕೆ ನಾಚ್ಕಂಡು ಬುಟ್ಬುಟ್ರೇನೋ."

ಏಕಾಂತಯ್ಯ ಕಾಫಿ ಊದಿದ. ಇನ್ನೂ ಬಾಯಿಗಿಟ್ಟಿರಲಿಲ್ಲ, ಹೊರಗೆ ಜೀಪು ನಿಂತಿತು. ರಶ್ಮಿತಾ ಇಳಿದು ನೇರ ಅವನ ಬೆಂಚಿನ ಹತ್ತಿರ ಬಂದಳು. ಕೈಯಲ್ಲಿ ಆ ಕೀಪ್ಯಾಡ್ ಫೋನ್, ಬಿರುಕುಬಿಟ್ಟ ಬೆನ್ನಿಗೆ ರಬ್ಬರ್ ಬ್ಯಾಂಡು ಸುತ್ತಿತ್ತು.

"ಏಕಾಂತಯ್ಯನವ್ರೆ, ಇದನ್ನೊಂಚೂರು ನೋಡಿ. ಕೆಟ್ಟೋಗಿದ್ಯಾ ಅಂತ. ಇವತ್ತು ಒಂದು ಮೆಸೇಜೂ ಬಂದಿಲ್ಲ. ಅತ್ತೆ ಇನ್ನೂ ಕಾಫಿ ಕುಡ್ದಿಲ್ಲ."

"ರಾಜಲಕ್ಷ್ಮಮ್ನೋರಾ?"

"ಮಾವ ಹೋದ್ಮೇಲೆ ಅವರೂ ಹಂಗೇ ಮಾಡ್ಕೊಂಡಿದ್ದಾರೆ. ಮಳೆ ಎಷ್ಟು ಅಂತ ನಾನು ಇದ್ರಲ್ಲಿ ಓದಿ ಹೇಳ್ಬೇಕು, ಆಮೇಲೇನೇ ಲೋಟ ಮುಟ್ಟೋದು. ಏಕಾಂತ ಇನ್ನೂ ಕಳುಸ್ತಾನೆ ನೋಡು, ಮರ್ತಿಲ್ಲ ನೋಡು ಅಂತಾರೆ ದಿನಾ. ಹೆಂಗೂ ಓದ್ತೀನಲ್ಲ, ಗ್ರೂಪಿಗೂ ಹಾಕುದ್ರೆ ನಿಮಗೊಂದು ಕೆಲಸ ಕಮ್ಮಿಯಾಗ್ತದೆ ಅಂತ ಹಾಕ್ತಿದ್ದೆ. ನಿಮ್ಮನ್ನ ಕೇಳ್ಬೇಕಿತ್ತು."

ಏಕಾಂತಯ್ಯ ಫೋನು ತೆಗೆದುಕೊಂಡ. ಬೆರಳು ತಾನಾಗಿ ಗುಂಡಿ ಒತ್ತಿತು. ಸಂದೇಶಗಳೆಲ್ಲ ಸಾಲಾಗಿದ್ದವು, ಒಂದನ್ನೂ ಅಳಿಸಿರಲಿಲ್ಲ. ಕೆಳಕೆಳಗೆ ಹೋಗುತ್ತ ಆ ದಿನಕ್ಕೆ ಬಂದ. ಕಲ್ಲಹಳ್ಳ, ಇಪ್ಪತ್ತೆಂಟು ಸೆಂಟ್. ಕಳಿಸಿದ ಸಂಖ್ಯೆ ಸಂಘದ ಡಾಂಗಲಿನದು.

ಜವರಯ್ಯ ಬೆಂಚಿನ ತುದಿಯಿಂದ ಬಾಗಿದ. "ಮೇಡಮ್ನೋರೆ, ಬೇಜಾರ್ ಮಾಡ್ಕಬ್ಯಾಡಿ. ಅವತ್ತು ಇಪ್ಪತ್ತೆಂಟು ಅಂತ ಹಾಕುದ್ರಲ್ಲ, ಅದೆಲ್ಲಿ ಸಿಕ್ತು ನಿಮ್ಗೆ?"

ರಶ್ಮಿತಾ ಏಕಾಂತಯ್ಯನ ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿದಳು. ಅವನ ಮುಖ ನೋಡಲಿಲ್ಲ. "ನಾನೇ ಸರಿಯಾಗಿ ಓದಿಲ್ಲ ಜವರಯ್ಯ. ತಪ್ಪು ನಂದೇ," ಎಂದಳು.

ಏಕಾಂತಯ್ಯನ ಕಿವಿ ಬಿಸಿಯಾಯಿತು. ಅವಳಿಗೆ ಗೊತ್ತಿತ್ತು. ಅವನ ಪಟ್ಟಿಯಲ್ಲಿ ಎಂಬತ್ತೆರಡು ಕಂಡ ದಿನವೇ ಗೊತ್ತಾಗಿರಬೇಕು. ಇಷ್ಟು ದಿನ ಊರು ಆಡಿಕೊಂಡರೂ ಈ ಫೋನನ್ನು ಯಾರಿಗೂ ತೋರಿಸಿರಲಿಲ್ಲ. ಇದರಲ್ಲೂ ಅವಳೇ ಮುಂದೆ, ಎಂದು ಅವನ ಒಳಗಿನ ಕಿಚ್ಚು ಇನ್ನೊಮ್ಮೆ ಹೊತ್ತಿಕೊಂಡಿತು. ಮಳೆಯಲ್ಲಿ ಮುಂದೆ, ಮರ್ಯಾದೆಯಲ್ಲೂ ಮುಂದೆ. ಇದೊಂದರಲ್ಲಿ ಅವಳನ್ನು ಮುಂದೆ ಬಿಡಲು ಅವನಿಗೆ ಆಗಲಿಲ್ಲ.

"ಅವ್ರು ಸರಿಯಾಗೇ ಓದವ್ರೆ, ಜವರಯ್ಯ," ಎಂದ. "ತಪ್ಪು ಹೊಡ್ದೋನು ನಾನು. ಇಲ್ಲೈತೆ, ನೋಡು." ಫೋನನ್ನು ಬೆಂಚಿನ ಮೇಲೆ ಜವರಯ್ಯನ ಕಡೆ ಸರಿಸಿದ.

"ಅಯ್ಯೋ ಮಾರಾಯ," ಎಂದ ಜವರಯ್ಯ. "ಮತ್ತೆ ಅವತ್ತು ಅನುಭವ ಗಿನುಭವ ಅಂತಿದ್ದೆ?"

ಚಿನ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ರಶ್ಮಿತಾ ನಗಲಿಲ್ಲ. "ಅದಿರ್ಲಿ ಬಿಡಿ. ಏಕಾಂತಯ್ಯನವ್ರೆ, ಇನ್ಮೇಲೆ ಗ್ರೂಪಿಗೆ ನೀವೇ ಹಾಕಿ, ನಾನು ಹಾಕಲ್ಲ. ಆದ್ರೆ ಅತ್ತೆ ಫೋನಿಗೆ ಮಾತ್ರ ಅದು ಬರೋ ಹಂಗೆ..."

ಏಕಾಂತಯ್ಯ ಎದ್ದ. ಕಾಫಿ ಹಾಗೆಯೇ ಇತ್ತು. ಕೈ ಜೇಬಿಗೆ ಹೋಯಿತು. ಡಾಂಗಲ್ ಅಲ್ಲೇ ಇತ್ತು, ಮೈಯ ಕಾವಿಗೆ ಬೆಚ್ಚಗಾಗಿ. ಅದನ್ನು ಮತ್ತೆ ಸಿಕ್ಕಿಸಿದರೆ ಒಂದೂವರೆ ನಿಮಿಷ ತಡ. ತಡವಾದರೆ ಆಗಲಿ. ಏಳೂವರೆಯ ಬದಲು ಏಳೂಕಾಲಿಗೆ ಬಂದರಾಯಿತು.

"ಏನ್ ತೊಂದ್ರೆ ಇಲ್ಲ ತಾನೆ? ಅತ್ತೆಗೆ ಏನಂತ ಹೇಳ್ಲಿ?" ಎಂದು ರಶ್ಮಿತಾ ಕೇಳುತ್ತಿದ್ದಳು. "ಇವತ್ತು ನಮ್ಮ ತೋಟಕ್ಕೆ..."

"ಅಣ್ಣ, ನನ್ ಎಂಜಿನ್ ಬಾಡ್ಗೆ ಮಾತು ಮುಗ್ದಿಲ್ಲ ಕಣೋ," ಎಂದು ಜವರಯ್ಯ ಕೂಗುತ್ತಿದ್ದ.

ಏಕಾಂತಯ್ಯ ಆಗಲೇ ಮೆಟ್ಟಿಲು ಹತ್ತುತ್ತಿದ್ದ, ಎರಡೆರಡಾಗಿ.